ಹೊಟ್ಟೆಯ ಬೇನೆಗಳೂ ಮನೆಯ ಶುಶ್ರೂಷೆಯೂ

ಮುಂಗಾರು ಮಳೆ ಹಿಡಿದು ಹದಿನೈದು ದಿವಸಗಳಾಗುವಷ್ಟರಲ್ಲಿ ನಮ್ಮ ಬೋರ್ಡಿಂಗಿನ ರೋಗಿಗಳ ಕೋಣೆಯಲ್ಲಿ ಒಂದೆರಡು ಮಂಚಗಳಾದರೂ ತುಂಬುವುದು ಪ್ರತಿ ವರುಷದ ವಾಡಿಕೆ. ಏನಾಯಿತೆಂದು ಕೇಳಿದರೆ ಹೆಚ್ಚಾಗಿ ಬರುವ ಉತ್ತರವು ಒಂದೇ: “ಹೊಟ್ಟೆ ಕೆಟ್ಟಿದೆ, ಟೀಚರ್.” ಇದನ್ನು ಕೇಳಿದ ಇತರ ಹುಡುಗಿಯರು ನಗುವುದುಂಟು. ಹೊಟ್ಟೆಯ ಬೇನೆಯೆಂದರೆ ನಾಚಿಕೆಪಡತಕ್ಕ ಸಂಗತಿಯೆಂದೂ, ಅದರ ವಿಷಯದಲ್ಲಿ ನಾಲ್ಕು ಜನರೆದುರು ಮಾತನಾಡಬಾರದೆಂದೂ ನಮ್ಮಲ್ಲಿ ಅನೇಕರು ತಿಳಿದುಕೊಂಡಿರುವರು. ಆದರೆ ಈ ನಾಚಿಕೆಯಿಂದಲೂ ಇದರ ಜೊತೆಗಿರುವ ಅಜ್ಞಾನದಿಂದಲೂ ಎಷ್ಟು ಮನೆಗಳಲ್ಲಿ ತೊಟ್ಟಿಲುಗಳು ಬರಿದಾಗಿವೆಯೆಂಬುದನ್ನು ಬಲ್ಲವರು ನಗಲಾರರು.

ಅಂಥ ಮನೆಗಳಲ್ಲಿ ನಮ್ಮದೂ ಒಂದು. 1987ರಲ್ಲಿ ನಾನು ಒಂಬತ್ತು ವರುಷದವಳು. ನನ್ನ ಕಿರಿಯ ತಮ್ಮನಿಗೆ ಒಂದೂವರೆ ವರುಷ. ಬೇಸಗೆಯ ಒಂದು ದಿವಸ ಅವನಿಗೆ ಭೇದಿ ಆರಂಭವಾಯಿತು. ತಾಯಿಯು ಹೊಲದ ಕೆಲಸಕ್ಕೆ ಹೋಗುವಾಗ ಮಗುವನ್ನು ನನ್ನ ವಶಕ್ಕೆ ಒಪ್ಪಿಸಿ ಹೋದಳು. “ಹೊಟ್ಟೆಗೆ ಏನೂ ಹಾಕಬೇಡ, ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ” ಎಂದು ನೆರೆಮನೆಯ ಹಿರಿಯರೆಲ್ಲರೂ ಹೇಳಿದರು. ಮಗುವು ನೀರಿನ ಚೊಂಬನ್ನು ಕಂಡು ಕೈಚಾಚುತ್ತಿತ್ತು. ಹಿರಿಯರ ಮಾತಿಗೆ ವಿಧೇಯಳಾಗಿ ನಾನು ಆ ಚೊಂಬನ್ನು ಅವನ ಕಣ್ಣಿಗೆ ಬೀಳದಂತೆ ಬಾಗಿಲ ಹಿಂದೆ ಇಟ್ಟೆನು. ಮೂರನೆಯ ದಿವಸ ಮುಂಜಾನೆ ಅವನು ತೀರಿಹೋದನು. ಅವನನ್ನು ಕೊಂದದ್ದು ಭೇದಿಯಲ್ಲ, ಬಾಯಾರಿಕೆಯೆಂಬುದು ಶಿಕ್ಷಕಿಯರ ತರಬೇತಿಗೆ ಸೇರಿ ಆರೋಗ್ಯಶಾಸ್ತ್ರದ ಪಾಠ ಕೇಳುವ ವರೆಗೆ ನನಗೆ ತಿಳಿಯಲಿಲ್ಲ. ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳುವ ಅಕ್ಕಂದಿರು ನೀವೂ ಆಗಿರುವುದರಿಂದ ಈ ಲೇಖನವನ್ನು ನಿಮಗಾಗಿ ಬರೆಯುತ್ತಿದ್ದೇನೆ.

ಹೊಟ್ಟೆಯೊಳಗಿನ ನೀರಿನ ಲೆಕ್ಕ

ನಾವು ಉಂಡ ಅನ್ನವು ಬಾಯಿಯಿಂದ ಅನ್ನನಾಳದ ಮೂಲಕ ಜಠರಕ್ಕೂ, ಅಲ್ಲಿಂದ ಸುಮಾರು 6 ಮೀಟರು ಉದ್ದವಾದ ಸಣ್ಣ ಕರುಳಿಗೂ, ಕೊನೆಗೆ ಸುಮಾರು ಒಂದೂವರೆ ಮೀಟರು ಉದ್ದವಾದ ದೊಡ್ಡ ಕರುಳಿಗೂ ಸಾಗುವುದೆಂದು ನೀವು ಪಾಠದಲ್ಲಿ ಓದಿದ್ದೀರಿ. ಆದರೆ ಈ ದಾರಿಯಲ್ಲಿ ಹರಿಯುವ ನೀರಿನ ಲೆಕ್ಕವನ್ನು ಬಹು ಮಂದಿ ಅರಿಯರು. ಬೆಳೆದ ಮನುಷ್ಯನು ದಿವಸಕ್ಕೆ ಸುಮಾರು 2 ಲೀಟರು ನೀರನ್ನು ಅನ್ನಪಾನಗಳಲ್ಲಿ ಸೇವಿಸಿದರೆ, ಜೊಲ್ಲು, ಜಠರರಸ, ಪಿತ್ತ ಮೊದಲಾದ ರಸಗಳ ರೂಪದಲ್ಲಿ ದೇಹವೇ ಇನ್ನೂ ಸುಮಾರು 7 ಲೀಟರನ್ನು ಅದಕ್ಕೆ ಸೇರಿಸುವುದು. ಈ ಒಂಬತ್ತು ಲೀಟರುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕರುಳುಗಳು ಹೀರಿ ರಕ್ತಕ್ಕೆ ಹಿಂದಿರುಗಿಸುತ್ತವೆ. ಒಂದು ಲೋಟದಷ್ಟು ಮಾತ್ರವೇ ಮಲದೊಡನೆ ಹೊರಗೆ ಹೋಗುವುದು.

ವಿಷಕ್ರಿಮಿಗಳು ಕರುಳನ್ನು ಸೇರಿದಾಗ ಈ ಲೆಕ್ಕವು ತಪ್ಪುವುದು. ಹೀರುವ ಕೆಲಸವು ಕುಂದುವುದು. ಕೆಲವು ರೋಗಗಳಲ್ಲಿ ಕರುಳು ಹೀರುವುದಕ್ಕೆ ಬದಲಾಗಿ ನೀರನ್ನು ಸುರಿಸುವುದು. ಕಾಲರಾ ರೋಗದಲ್ಲಿ ಇದು ಘಂಟೆಗೆ ಒಂದು ಲೀಟರಿನ ವರೆಗೂ ಹೋಗಬಲ್ಲದು. ನೀರಿನ ಜೊತೆಯಲ್ಲಿ ಉಪ್ಪೂ ಹೊರಟುಹೋಗುವುದು. ಆಗ ರಕ್ತವು ಕಡಿಮೆಯಾಗಿ, ನಾಡಿಯು ಕ್ಷೀಣಿಸಿ, ಮೂತ್ರವು ನಿಂತು, ಕೊನೆಗೆ ಪ್ರಾಣವೇ ಹೋಗುವುದು. ಆದುದರಿಂದ ಭೇದಿಯಲ್ಲಿ ಶುಶ್ರೂಷೆ ಮಾಡುವವಳ ಮೊದಲನೆಯ ಕರ್ತವ್ಯವು ಭೇದಿಯನ್ನು ತಡೆಯುವುದಲ್ಲ; ಹೋದ ನೀರನ್ನೂ ಉಪ್ಪನ್ನೂ ತಿರುಗಿ ತುಂಬುವುದೇ.

ಬನಗಾಂವಿನ ಡೇರೆಗಳು

ಉಪ್ಪುನೀರನ್ನು ಸುಮ್ಮನೆ ಕುಡಿಸಿದರೆ ಕೆಟ್ಟ ಕರುಳು ಅದನ್ನು ಚೆನ್ನಾಗಿ ಹೀರಲಾರದು. ಆದರೆ ಉಪ್ಪಿನೊಡನೆ ತಕ್ಕಷ್ಟು ಸಕ್ಕರೆಯೂ ಇದ್ದರೆ, ಸಕ್ಕರೆಯು ಉಪ್ಪನ್ನು ಕೈಹಿಡಿದು ಕರುಳಿನ ಗೋಡೆಯನ್ನು ದಾಟಿಸುವುದು. ಅವೆರಡರ ಹಿಂದೆ ನೀರೂ ಹೋಗುವುದು. ಈ ಗುಟ್ಟನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು ವಿವರಿಸಿದನು. ಭೇದಿಯು ಎಷ್ಟೇ ಜೋರಾಗಿದ್ದರೂ ಈ ಒಂದು ಬಾಗಿಲು ಮುಚ್ಚುವುದಿಲ್ಲವೆಂಬುದು ಮುಂದಿನ ವರುಷಗಳಲ್ಲಿ ಢಾಕಾ ಮತ್ತು ಕಲ್ಕತ್ತಾ ನಗರಗಳಲ್ಲಿ ನಡೆದ ಪ್ರಯೋಗಗಳಿಂದ ಸ್ಥಿರಪಟ್ಟಿತು.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಜನರು ಪಶ್ಚಿಮ ಬಂಗಾಳದ ಗಡಿಯಲ್ಲಿ ಡೇರೆಗಳಲ್ಲಿ ಕಿಕ್ಕಿರಿದು ತುಂಬಿದರು. ಅವರಲ್ಲಿ ಕಾಲರಾ ಹಬ್ಬಿತು. ಬನಗಾಂವಿನ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆ ಬಿದ್ದಿದ್ದರು. ರಕ್ತನಾಳಕ್ಕೆ ಹಾಯಿಸುವ ಲವಣಜಲವು ಮುಗಿಯುತ್ತ ಬಂದಿತ್ತು. ಅದನ್ನು ಹಾಯಿಸಲು ಬಲ್ಲ ಕೈಗಳೂ ಸಾಲದಾದುವು. ಆಗ ಡಾಕ್ಟರ್ ದಿಲೀಪ ಮಹಲನಬೀಸರು ಉಪ್ಪು, ಗ್ಲೂಕೋಸು, ಅಡಿಗೆಯ ಸೋಡ ಇವುಗಳನ್ನು ಅಳೆದು ಪೊಟ್ಟಣಗಳಲ್ಲಿ ಕಟ್ಟಿಸಿ, ಪೀಪಾಯಿಗಳಲ್ಲಿ ನೀರಿಗೆ ಬೆರೆಸಿ, ರೋಗಿಗಳ ಬಂಧುಗಳ ಕೈಗೇ ಲೋಟಗಳನ್ನು ಕೊಟ್ಟು ಕುಡಿಸಲು ಹೇಳಿದರು. ತಾಯಂದಿರೂ ಅಕ್ಕಂದಿರೂ ದಾದಿಯರಾದರು. ಮೊದಲು ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದೆಡೆಯಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. ಮಹಲನಬೀಸರು 2022ರಲ್ಲಿ ಕಾಲವಾದರು. ಮರು ವರುಷ ಭಾರತ ಸರಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಿರುದನ್ನಿತ್ತಿತು. ಅಕ್ಷರ ಬಾರದ ತಾಯಂದಿರು ಡೇರೆಗಳಲ್ಲಿ ಈ ಕೆಲಸವನ್ನು ಮಾಡಿ ತೋರಿಸಿ ಹದಿನಾರು ವರುಷಗಳು ಕಳೆದ ಮೇಲೆ ನಾನು ಚೊಂಬನ್ನು ಬಾಗಿಲ ಹಿಂದೆ ಇಟ್ಟೆನೆಂಬುದನ್ನು ನೆನೆದಾಗ, ತಿಳಿವಳಿಕೆಯು ಮನೆಮನೆಗೆ ಮುಟ್ಟದಿದ್ದರೆ ಅದರಿಂದ ಫಲವೇನೆಂದು ನನಗೆ ತೋರುತ್ತದೆ.

ಆ ನೀರನ್ನು ಮಾಡುವ ಕ್ರಮ

ಇಂದು ಈ ಪುಡಿಯು ಓ.ಆರ್.ಎಸ್. ಎಂಬ ಹೆಸರಿನಿಂದ ಪ್ರತಿಯೊಂದು ಔಷಧದ ಅಂಗಡಿಯಲ್ಲಿಯೂ ಆರೋಗ್ಯ ಕೇಂದ್ರದಲ್ಲಿಯೂ ದೊರೆಯುವುದು. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಗೊತ್ತುಮಾಡಿದ ಪ್ರಮಾಣದಂತೆ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸು 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡು 1.5 ಗ್ರಾಂ, ಸೋಡಿಯಂ ಸಿಟ್ರೇಟು 2.9 ಗ್ರಾಂ ಇರತಕ್ಕದ್ದು. ಪೊಟ್ಟಣದ ಮೇಲೆ ಈ ವಿವರವಿದೆಯೇ ಎಂದು ಓದಿಯೇ ಕೊಳ್ಳಿರಿ. ಅದೇ ಸಾಲಿನಲ್ಲಿಟ್ಟು ಮಾರುವ ಸಿಹಿಯಾದ ಹಣ್ಣಿನ ಪಾನಕಗಳೆಲ್ಲವೂ ಓ.ಆರ್.ಎಸ್. ಅಲ್ಲ.

ಮೊದಲು ಸಾಬೂನಿನಿಂದ ಕೈತೊಳೆಯಿರಿ. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟೇ ನೀರನ್ನು, ಕುದಿಸಿ ಆರಿಸಿದ್ದನ್ನು, ಅಳೆದು ತೆಗೆದುಕೊಂಡು ಪುಡಿಯನ್ನೆಲ್ಲ ಒಮ್ಮೆಗೇ ಹಾಕಿ ಕಲಸಿರಿ. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಒಂದು ಲೋಟಕ್ಕೆ ಹಾಕುವುದು ತಪ್ಪು. ಗಟ್ಟಿಯಾದರೆ ಅಪಾಯ, ತೆಳ್ಳಗಾದರೆ ನಿಷ್ಫಲ. ಕಲಸಿದ ನೀರನ್ನು ಮುಚ್ಚಿಡಿರಿ. 24 ಘಂಟೆಗಳು ಕಳೆದ ಮೇಲೆ ಉಳಿದುದನ್ನು ಚೆಲ್ಲಿ ಹೊಸದಾಗಿ ಮಾಡಿರಿ. ಪೊಟ್ಟಣವು ಸಿಕ್ಕದ ವೇಳೆಯಲ್ಲಿ, ಒಂದು ಲೀಟರು ಶುದ್ಧವಾದ ನೀರಿಗೆ ಟೀ ಚಮಚದಿಂದ ಸಪಾಟಾಗಿ ಆರು ಚಮಚ ಸಕ್ಕರೆಯನ್ನೂ, ಸಪಾಟಾದ ಅರ್ಧ ಚಮಚ ಉಪ್ಪನ್ನೂ ಹಾಕಿ ಕಲಸಬಹುದು. ರುಚಿ ನೋಡಿದಾಗ ಅದು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು.

ಪ್ರತಿಸಲ ಭೇದಿಯಾದ ಮೇಲೆ ಎರಡು ವರುಷಕ್ಕೆ ಕೆಳಗಿನ ಮಗುವಿಗೆ 50ರಿಂದ 100 ಮಿಲಿಲೀಟರು, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರು, ದೊಡ್ಡವರಿಗೆ ಬೇಕಾದಷ್ಟು ಕೊಡತಕ್ಕದ್ದು. ಮಗುವಿಗೆ ಚಮಚದಿಂದ ಕೊಡಬೇಕು. ಸೀಸೆಯಿಂದ ಗಟಗಟನೆ ಕುಡಿಸಿದರೆ ವಾಂತಿಯಾಗುವುದು. ವಾಂತಿಯಾಯಿತೆಂದು ನಿಲ್ಲಿಸಬೇಡಿರಿ. ಹತ್ತು ನಿಮಿಷ ತಡೆದು, ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ ತಿರುಗಿ ಆರಂಭಿಸಿರಿ. ಇದು ತಾಳ್ಮೆಯ ಕೆಲಸ. ಕಳೆದ ಮಳೆಗಾಲದಲ್ಲಿ ನಮ್ಮ ಆರನೆಯ ತರಗತಿಯ ಬಾಲಿಕೆಯೊಬ್ಬಳಿಗೆ ರಾತ್ರಿ ಹೀಗಾದಾಗ, ವಾಹನವು ಬರುವ ವರೆಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅವಳ ಪಕ್ಕದಲ್ಲಿ ಕುಳಿತು ಗಡಿಯಾರವನ್ನು ನೋಡುತ್ತ ಚಮಚ ಚಮಚವಾಗಿ ಕುಡಿಸಿದಳು. ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, ಸೂಜಿಯ ಅವಶ್ಯಕತೆಯಿಲ್ಲ, ನೀವು ಮಾಡಿದ್ದನ್ನೇ ಮುಂದುವರಿಸಿರಿ ಎಂದರು.

ಪಥ್ಯದ ವಿಷಯ

ಹೊಟ್ಟೆ ಕೆಟ್ಟವರನ್ನು ಉಪವಾಸ ಕೆಡಹುವುದು ನಮ್ಮ ಹಳೆಯ ಪದ್ಧತಿ, ಇದು ಸರಿಯಲ್ಲ. ಎದೆಹಾಲು ಕುಡಿಯುವ ಕೂಸಿಗೆ ಅದನ್ನು ಎಂದಿಗೂ ನಿಲ್ಲಿಸಬಾರದು. ಇನ್ನೂ ಹೆಚ್ಚು ಸಲ ಕೊಡಬೇಕು. ಉಳಿದವರಿಗೆ ಗಂಜಿ, ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಮಜ್ಜಿಗೆ, ಇಡ್ಲಿ, ಬಾಳೆಯ ಹಣ್ಣು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿರಿ. ಚಿಟಿಕೆ ಉಪ್ಪು ಹಾಕಿದ ಗಂಜಿಯ ತಿಳಿಯು ಒಳ್ಳೆಯದು. ಅಂಗಡಿಯ ಬಣ್ಣದ ಶರಬತ್ತುಗಳೂ ಸೋಡಗಳೂ ಬೇಡ. ಅವುಗಳ ಅತಿಯಾದ ಸಕ್ಕರೆಯು ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿಯನ್ನು ಹೆಚ್ಚಿಸುವುದು. ಬೇನೆ ನಿಂತ ಮೇಲೆ ಎರಡು ವಾರಗಳ ವರೆಗೆ ಮಗುವಿಗೆ ದಿವಸಕ್ಕೆ ಒಂದು ಊಟವನ್ನು ಹೆಚ್ಚಾಗಿ ಕೊಟ್ಟರೆ ಕಳೆದುಹೋದ ತೂಕವು ಹಿಂದಿರುಗುವುದು.

ಮಕ್ಕಳಿಗೆ ಸತುವಿನ ಮಾತ್ರೆ, ಅಂದರೆ ಜಿಂಕ್ ಮಾತ್ರೆಯನ್ನೂ ವೈದ್ಯರು ಕೊಡುವರು. ಆರು ತಿಂಗಳು ದಾಟಿದ ಮಗುವಿಗೆ ದಿವಸಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10 ಮಿಲಿಗ್ರಾಂ. ಭೇದಿ ನಿಂತರೂ 10ರಿಂದ 14 ದಿವಸಗಳ ವರೆಗೆ ಮುಗಿಸಬೇಕು. ಆದರೆ ಭೇದಿ ಕಟ್ಟುವ ಮಾತ್ರೆಗಳನ್ನು ಮಕ್ಕಳಿಗೆ ಕೊಡಲೇ ಕೂಡದು. ಕ್ರಿಮಿನಾಶಕ ಔಷಧಗಳೆಂದರೆ ಆಂಟಿಬಯೋಟಿಕ್‌ಗಳು ಸಾಮಾನ್ಯವಾದ ನೀರುಭೇದಿಗೆ ಬೇಕಾಗಿಲ್ಲ. ಮಕ್ಕಳ ಭೇದಿಗೆ ಬಹಳ ಸಲ ಕಾರಣವಾದ ರೋಟಾ ವೈರಸ್ಸಿನ ಮೇಲೆ ಅವು ಕೆಲಸಮಾಡುವುದೇ ಇಲ್ಲ. ದೃಷ್ಟಿ ತಗುಲಿತೆಂದು ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವ ಕ್ರೂರ ಪದ್ಧತಿಯು ನಮ್ಮ ನಾಡಿನ ಕೆಲವು ಭಾಗಗಳಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಓದಿದ ಹುಡುಗಿಯಾದವಳು ಅದಕ್ಕೆ ಅಡ್ಡ ನಿಲ್ಲಬೇಕು.

ಯಾವಾಗ ವೈದ್ಯರಲ್ಲಿಗೆ?

ಶುಶ್ರೂಷೆ ಮಾಡುವವಳ ಕಣ್ಣು ಎಚ್ಚರವಾಗಿರಬೇಕು. ಕಣ್ಣುಗಳು ಗುಳಿಬೀಳುವುದು, ನಾಲಿಗೆ ಒಣಗುವುದು, ಅಳುವಾಗ ಕಣ್ಣೀರು ಬಾರದಿರುವುದು, ಆರು ಘಂಟೆಗಳಾದರೂ ಮೂತ್ರವಾಗದಿರುವುದು, ಅತಿಯಾದ ಬಾಯಾರಿಕೆ, ಚಡಪಡಿಕೆ ಇವು ದೇಹದಲ್ಲಿ ನೀರು ಕಡಿಮೆಯಾದ ಗುರುತುಗಳು. ಹೊಟ್ಟೆಯ ಮೇಲಿನ ಚರ್ಮವನ್ನು ಎರಡು ಬೆರಳುಗಳಿಂದ ಹಿಡಿದೆತ್ತಿ ಬಿಟ್ಟಾಗ, ಅದು ತಟ್ಟನೆ ಸಮನಾಗದೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಇಲ್ಲವೆ ಮಗುವು ಜೋಲುಬಿದ್ದು ಕುಡಿಯಲಾರದೆ ಹೋದರೆ, ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಚಮಚದಿಂದ ನುಂಗಬಲ್ಲದಾದರೆ ದಾರಿಯುದ್ದಕ್ಕೂ ಕುಡಿಸುತ್ತಲೇ ಹೋಗಿರಿ.

ಮಲದಲ್ಲಿ ರಕ್ತವು ಕಂಡರೆ ಅದು ಆಮಶಂಕೆ. ಅದಕ್ಕೆ ವೈದ್ಯರ ಔಷಧವು ಬೇಕೇ ಬೇಕು. ಜ್ವರ ಬಂದರೂ, ವಾಂತಿ ನಿಲ್ಲದಿದ್ದರೂ, ಮೂರು ದಿವಸಗಳಲ್ಲಿ ಗುಣ ಕಾಣದಿದ್ದರೂ ತಡಮಾಡಬಾರದು. ದಿನದಿನಕ್ಕೆ ಏರುತ್ತ ಹೋಗುವ ಜ್ವರ, ತಲೆನೋವು, ಹೊಟ್ಟೆಯ ಸಂಕಟ ಇವು ಒಟ್ಟಾಗಿದ್ದರೆ ವಿಷಮಶೀತ ಜ್ವರವಿರಬಹುದು. ಟೈಫಾಯಿಡ್ ಎಂದು ಎಲ್ಲರೂ ಹೇಳುವುದು ಇದನ್ನೇ. ಇದರಲ್ಲಿ ಜ್ವರ ಬಿಟ್ಟಿತೆಂದು ಔಷಧವನ್ನು ನಡುವೆ ನಿಲ್ಲಿಸಿದವರಿಗೆ ಅದು ಮರುಕಳಿಸುವುದುಂಟು.

ಬಲಗಡೆಯ ನೋವು

ಹೊಟ್ಟೆನೋವೆಲ್ಲವೂ ಒಂದೇ ಅಲ್ಲವೆಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆನು. ನಾನು ಶಿಕ್ಷಕಿಯಾದ ಮೊದಲನೆಯ ವರುಷ, ಬೋರ್ಡಿಂಗಿನ ಒಬ್ಬ ಹುಡುಗಿಯು ಹೊಕ್ಕುಳಿನ ಸುತ್ತ ನೋವೆಂದೂ, ಎರಡು ದಿವಸಗಳಿಂದ ಮಲವಿಸರ್ಜನೆಯಾಗಿಲ್ಲವೆಂದೂ ಹೇಳಿದಳು. ನಾನು ಹಿಂದೆಮುಂದೆ ಯೋಚಿಸದೆ ಹರಳೆಣ್ಣೆಯನ್ನು ಕುಡಿಸಿದೆನು. ರಾತ್ರಿ ನೋವು ಬಲಗಡೆಯ ಕೆಳಹೊಟ್ಟೆಗೆ ಇಳಿಯಿತು. ವಾಂತಿಯೂ ಜ್ವರವೂ ಬಂದುವು. ಬೆಳಗಾಗುವ ಮೊದಲು ಶಸ್ತ್ರಚಿಕಿತ್ಸೆಯಾಯಿತು. ದೊಡ್ಡ ಕರುಳಿನ ಆರಂಭದಲ್ಲಿರುವ ಅಪೆಂಡಿಕ್ಸ್ ಎಂಬ ಹುಳುವಿನಂಥ ಚಿಕ್ಕ ಕೊಳವೆಯು ಬಾತು ಒಡೆದಿತ್ತು. ಇಂಥ ನೋವಿನಲ್ಲಿ ಭೇದಿಗೆ ಕೊಟ್ಟರೆ ಕರುಳು ಹಿಂಡಿ ಅದು ಒಡೆಯುವ ಅಪಾಯವು ಹೆಚ್ಚುವುದೆಂದು ವೈದ್ಯರು ನನಗೆ ತಿಳಿಸಿದರು. ಆ ಹುಡುಗಿಯು ಮೂರು ವಾರಗಳ ಕಾಲ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಅಂದಿನಿಂದ ನಮ್ಮ ಔಷಧದ ಪೆಟ್ಟಿಗೆಯಲ್ಲಿ ಹರಳೆಣ್ಣೆಯ ಸೀಸೆಯಿಲ್ಲ. ಕಾರಣ ತಿಳಿಯದ ಹೊಟ್ಟೆನೋವಿಗೆ ಭೇದಿಯ ಔಷಧವನ್ನೂ, ಬಲವಾದ ನೋವಿನ ಮಾತ್ರೆಯನ್ನೂ ಕೊಡಬೇಡಿರಿ. ಬಿಸಿನೀರಿನ ಚೀಲವನ್ನು ಇಡಬೇಡಿರಿ. ಏನನ್ನೂ ತಿನ್ನಿಸದೆ ವೈದ್ಯರಿಗೆ ತೋರಿಸಿರಿ.

ಮಲಬದ್ಧತೆ ಮತ್ತು ಹೊಟ್ಟೆಯುರಿ

ಹುಡುಗಿಯರಲ್ಲಿ ಮಲಬದ್ಧತೆಯು ಹೆಚ್ಚು. ಇದಕ್ಕೆ ನಾಚಿಕೆಯೇ ಮುಖ್ಯ ಕಾರಣವೆಂದು ನಾನು ಅನೇಕ ವರುಷಗಳಿಂದ ನೋಡಿದ್ದೇನೆ. ಪಾಯಖಾನೆಗೆ ಹೋಗಬೇಕಾದೀತೆಂದು ಕೆಲವರು ಶಾಲೆಯಲ್ಲಿರುವ ವರೆಗೆ ನೀರನ್ನೇ ಕುಡಿಯರು. ವೇಗವು ಬಂದರೂ ತಡೆದುಕೊಳ್ಳುವರು. ಹೀಗೆ ಮಾಡಿದರೆ ಮಲವು ಒಣಗಿ ಗಟ್ಟಿಯಾಗಿ, ವೇಗವೇ ಮಂದವಾಗುವುದು. ಇದಕ್ಕೆ ಮದ್ದು ಸೀಸೆಯಲ್ಲಿಲ್ಲ: ಬೆಳಗ್ಗೆ ಗೊತ್ತಾದ ಹೊತ್ತಿಗೆ ಹೋಗುವ ಅಭ್ಯಾಸ, ದಿವಸಕ್ಕೆ ಎಂಟು ಲೋಟ ನೀರು, ರಾಗಿ, ಸೊಪ್ಪು, ಕಾಳು, ಸೀಬೆಯ ಹಣ್ಣು, ಮತ್ತು ಸಂಜೆಯ ಆಟ. ಬಾಗಿಲೂ ಅಗಣಿಯೂ ನೀರೂ ಇರುವ ಶೌಚಾಲಯವನ್ನು ಒದಗಿಸುವುದು ಶಾಲೆಯ ಪಾಲಿನ ಕರ್ತವ್ಯ. ಹುಡುಗಿಯರ ಶಾಲೆಯಲ್ಲಿ ಇದು ಪುಸ್ತಕಭಂಡಾರಕ್ಕಿಂತ ಕಡಿಮೆಯಾದ ಅಗತ್ಯವಲ್ಲ.

ಹೊಟ್ಟೆಯುರಿಯೂ ಜಠರದ ಹುಣ್ಣೂ ಖಾರದಿಂದಲೂ ಚಿಂತೆಯಿಂದಲೂ ಬರುವುವೆಂದು ಬಹುಕಾಲ ಎಲ್ಲರೂ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬಿಬ್ಬರು ಜಠರದಲ್ಲಿ ವಾಸಿಸುವ ಒಂದು ಕ್ರಿಮಿಯನ್ನು ಬೆಳೆಸಿ ತೋರಿಸಿದರು. ಜನರು ಒಪ್ಪದಿರಲು, 1984ರಲ್ಲಿ ಮಾರ್ಷಲನು ಆ ಕ್ರಿಮಿಗಳನ್ನು ತಾನೇ ಕುಡಿದು, ಜಠರದ ಉರಿಯೂತವನ್ನು ಬರಿಸಿಕೊಂಡನು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನವು ದೊರೆಯಿತು. ಹುಣ್ಣಿಗೆ ಇನ್ನೊಂದು ಕಾರಣವು ನೋವಿನ ಮಾತ್ರೆಗಳು. ತಿಂಗಳ ದಿನಗಳ ನೋವಿಗೆ ಐಬುಪ್ರೊಫೇನ್ ಮೊದಲಾದುವನ್ನು ನುಂಗುವ ಹುಡುಗಿಯರು ಬರಿ ಹೊಟ್ಟೆಯಲ್ಲಿ ನುಂಗಬಾರದು. ವೈದ್ಯರನ್ನು ಕೇಳದೆ ಪದೇ ಪದೇ ನುಂಗಲೂಬಾರದು. ಮಲವು ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಒಳಗೆ ರಕ್ತ ಸುರಿಯುತ್ತಿದೆಯೆಂದು ತಿಳಿದು ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.

ರೋಗಿಯ ಕೋಣೆ

ಶುಶ್ರೂಷೆಯಲ್ಲಿ ಔಷಧಕ್ಕಿಂತ ಶುಚಿಯು ದೊಡ್ಡದು. ರೋಗಿಯ ಲೋಟ, ತಟ್ಟೆ, ಟವಲುಗಳು ಬೇರೆಯಾಗಿರಲಿ. ವಾಂತಿಯನ್ನೂ ಮಲವನ್ನೂ ಬಯಲಿಗೆ ಚೆಲ್ಲದೆ ಪಾಯಖಾನೆಗೆ ಹಾಕಿ, ಪಾತ್ರೆಯನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿರಿ. ಕೊಳೆಯಾದ ಬಟ್ಟೆಯನ್ನು ಬಾವಿಯ ಬಳಿಯಲ್ಲಿ ಒಗೆಯಬೇಡಿರಿ. ಪದೇ ಪದೇ ಒರಸುವುದರಿಂದ ಮಗುವಿನ ಚರ್ಮವು ಕೆಂಪಾಗುವುದರಿಂದ ನೀರಿನಿಂದ ಮೆಲ್ಲನೆ ತೊಳೆದು ಒಣಗಿಸಿ ಕೊಬ್ಬರಿ ಎಣ್ಣೆಯನ್ನು ಸವರಿರಿ. ವಾಂತಿಯಾಗುವಾಗ ರೋಗಿಯನ್ನು ಮಗ್ಗುಲಾಗಿ ಮಲಗಿಸಿ ತಲೆಯನ್ನು ಹಿಡಿದುಕೊಳ್ಳಿರಿ. ಒಂದು ಕಾಗದದಲ್ಲಿ ಹೊತ್ತು, ಭೇದಿಯ ಸಂಖ್ಯೆ, ವಾಂತಿ, ಮೂತ್ರ, ಕುಡಿದ ನೀರು, ಜ್ವರ ಇವುಗಳನ್ನು ಬರೆದಿಡಿರಿ. “ಬಹಳ ಸಲ ಆಯಿತು” ಎಂಬುದಕ್ಕಿಂತ “ಬೆಳಗಿನಿಂದ ಒಂಬತ್ತು ಸಲ” ಎಂಬ ಮಾತು ವೈದ್ಯರಿಗೆ ಹೆಚ್ಚು ಉಪಯೋಗ. ಎಲ್ಲಕ್ಕೂ ಮಿಗಿಲಾಗಿ ಮುಖವನ್ನು ಸಿಂಡರಿಸಬೇಡಿರಿ. ರೋಗಿಯು ತನ್ನ ಸ್ಥಿತಿಗೆ ಮೊದಲೇ ನಾಚಿರುವನು.

ಬಾರದಂತೆ ತಡೆಯುವುದು ಇನ್ನೂ ಮೇಲು. 1854ರಲ್ಲಿ ಲಂಡನ್ ನಗರದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಒಂದು ಬೀದಿಯ ನೀರಿನ ಪಂಪೇ ಅದಕ್ಕೆ ಮೂಲವೆಂದು ಕಂಡುಹಿಡಿದು ಅದರ ಹಿಡಿಯನ್ನು ತೆಗೆಯಿಸಿದನು. ನಮ್ಮ ಹಿಡಿಯಲ್ಲಿರುವುದು ಇಷ್ಟು: ನೀರನ್ನು ಉಕ್ಕಿ ಕುದಿಯುವ ವರೆಗೆ ಕಾಯಿಸಿ ಮುಚ್ಚಿಡುವುದು, ಕೈಯದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆಯುವುದು, ಶೌಚದ ತರುವಾಯವೂ ಅಡಿಗೆಗೂ ಊಟಕ್ಕೂ ಮುಂಚೆಯೂ ಸಾಬೂನಿನಿಂದ ಕೈತೊಳೆಯುವುದು, ನೊಣ ಕೂತ ತಿಂಡಿಯನ್ನು ಮುಟ್ಟದಿರುವುದು. ಕೂಸುಗಳಿಗೆ ರೋಟಾ ವೈರಸ್ಸಿನ ವಿರುದ್ಧವಾದ ಲಸಿಕೆಯ ಹನಿಗಳನ್ನು ಸರಕಾರವು ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಉಚಿತವಾಗಿ ಹಾಕಿಸುತ್ತಿದೆ. ನಿಮ್ಮ ಮನೆಯ ಕೂಸಿಗೆ ಆಗಿದೆಯೇ ಎಂದು ಕಾರ್ಡನ್ನು ತೆಗೆದು ನೋಡಿರಿ.

ಪ್ರಿಯ ವಿದ್ಯಾರ್ಥಿನಿಯರೇ, ರಜೆಯಲ್ಲಿ ಊರಿಗೆ ಹೋದಾಗ ಈ ಬರಹವನ್ನು ನಿಮ್ಮ ತಾಯಿಗೂ ಅಜ್ಜಿಗೂ ಓದಿ ಹೇಳಿರಿ. ಹಿರಿಯರು ಗದರಿಸಿದರೆ ಎದುರಾಡದೆ, ವಿನಯದಿಂದಲೇ ನೀರಿನ ಲೋಟವನ್ನು ಕೈಗೆ ತೆಗೆದುಕೊಳ್ಳಿರಿ. ಪರೀಕ್ಷೆಗೆ ಓದಿದ ಅನೇಕ ಪಾಠಗಳು ಮರೆತುಹೋದರೂ ಚಿಂತೆಯಿಲ್ಲ. ಒಂದು ಲೀಟರು ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು: ಇದೊಂದು ಲೆಕ್ಕವನ್ನು ಮಾತ್ರ ಮರೆಯಬೇಡಿರಿ. ಕೈಚಾಚಿದ ಮಗುವಿನಿಂದ ಚೊಂಬನ್ನು ಬಚ್ಚಿಡುವ ಅಕ್ಕನು ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಒಬ್ಬಳೂ ಇಲ್ಲದಿರಲಿ.